ಬ್ಯಾಂಕುಗಳ ನಷ್ಟ ಮೀಸಲಿಗೆ ತೆರಿಗೆ ಕಡಿತ

ಪ್ರಶ್ನೆ: 1961ರ ಆದಾಯ ತೆರಿಗೆ ಕಾಯ್ದೆಯಡಿ, ವಸೂಲಾಗದ ಸಾಲಕ್ಕೆಂದು ಭಾರತೀಯ ಬ್ಯಾಂಕು ತೆಗೆದಿರಿಸುವ ಮೊತ್ತಕ್ಕೂ ಹೂಡಿಕೆ ಪತ್ರಗಳ ಬೆಲೆ ಕುಸಿತಕ್ಕೆ ತೆಗೆದಿರಿಸುವ ಮೊತ್ತಕ್ಕೂ ಒಂದೇ ನಿಯಮ ಅನ್ವಯಿಸುತ್ತದೆಯೇ?

ಉತ್ತರ 1: ಇಲ್ಲ. ಸಾಲ ಮುಳುಗಬಹುದೆಂದು ತೆಗೆದಿರಿಸಿದ ಬರಿಯ ಮೀಸಲಿನ ಮೇಲೆ ಸಾಮಾನ್ಯ ವ್ಯಾಪಾರಿಗೆ ಕಡಿತ (ತೆರಿಗೆಗೊಳಪಡುವ ಆದಾಯದಿಂದ ಆ ಮೊತ್ತವನ್ನು ಕಳೆಯುವ ಅವಕಾಶ) ಸಿಗದಿದ್ದರೂ, ಬ್ಯಾಂಕುಗಳಿಗೆ 36ನೇ ಕಲಮಿನಡಿ ಒಟ್ಟು ಆದಾಯದ ಶೇ. 8.5ರಷ್ಟು ಹಾಗೂ ಗ್ರಾಮೀಣ ಶಾಖೆಗಳು ಕೊಟ್ಟ ಸರಾಸರಿ ಮುಂಗಡದ (ಸಾಲದ) ಶೇ. 10ರಷ್ಟರ ಮಿತಿಯೊಳಗೆ ಅದು ದೊರೆಯುತ್ತದೆ. ಆದರೆ ಲೆಕ್ಕಪುಸ್ತಕದಲ್ಲಿ ಮೀಸಲು ನಮೂದಾಗಿರಲೇಬೇಕು.

ಉತ್ತರ 2: ಹೂಡಿಕೆ ಪತ್ರಗಳ ವಿಷಯ ಬೇರೆ. ಅವು ವ್ಯಾಪಾರದ ದಾಸ್ತಾನಾಗಿದ್ದರೆ (ಅಂದರೆ ಕೊಂಡು ಮಾರುವ ಸರಕಿನಂತಿದ್ದರೆ), ಕೊಂಡ ಬೆಲೆ ಮತ್ತು ಮಾರುಕಟ್ಟೆ ಬೆಲೆಗಳಲ್ಲಿ ಕಡಿಮೆಯಾದುದನ್ನು ತೆರಿಗೆ ಲೆಕ್ಕಕ್ಕೆ ಹಿಡಿಯಬಹುದೆಂದು ಯುನೈಟೆಡ್ ಕಮರ್ಷಿಯಲ್ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲಿ ಒಪ್ಪಿತು. ವ್ಯಾಜ್ಯವೆಲ್ಲ ಹುಟ್ಟುವುದು ಅವು ದಾಸ್ತಾನೋ ಬಂಡವಾಳವೋ ಎಂಬಲ್ಲಿಯೇ.

ಉತ್ತರ 3: ಮತ್ತೆ ಸಾಲದ ವಿಷಯಕ್ಕೆ ಬಂದರೆ, ಮುಂದೆ ಅದನ್ನು ವಸೂಲಾಗದೆಂದು ಲೆಕ್ಕದಿಂದ ತೆಗೆದುಹಾಕಿದಾಗ, ಉತ್ತರ 1ರಲ್ಲಿ ಹೇಳಿದ ಮೀಸಲಿನ ಶಿಲ್ಕನ್ನು ಮೀರಿದ ಭಾಗಕ್ಕಷ್ಟೇ ಮತ್ತೆ ಕಡಿತವುಂಟು.