ಹಳೇ ಮೈಕ್ರೋಸ್ಕೋಪಲ್ಲೇ ಪ್ರೋಟೀನ್ ಬಿಡಿಬಿಡಿಯಾಗಿ ನೋಡಿದವರು ಅನುಭವ ಹೇಳಿ

ಕೇಳಿದವರು: ನಮ್ಮತ್ರ ಇರೋದು ಒಂದು ಹಳೇ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಅಷ್ಟೆ, ಇನ್ನೂ ಸಣ್ಣ ವಿವರ ತೋರಿಸೋ ಸೂಪರ್ ರೆಸಲ್ಯೂಷನ್ ಮಷಿನ್ ತಗೊಳ್ಳೋ ಮಾತೇ ಇಲ್ಲ. ಎರಡು ನರಕೋಶ ಸೇರೋ ಸಿನಾಪ್ಸಲ್ಲಿ ಬಸ್ಸೂನ್, ಹೋಮರ್ ಅನ್ನೋ ಎರಡು ಪ್ರೋಟೀನ್ ಬೇರೆಬೇರೆಯಾಗಿ ಕಾಣ್ಬೇಕು. ಸ್ಯಾಂಪಲ್ಲನ್ನೇ ಜೆಲ್ ಒಳಗೆ ಹಿಡಿದು ನೀರಲ್ಲಿ ಹಿಗ್ಗಿಸೋಣ ಅಂತಿದೀನಿ. 4 ಪಟ್ಟು ಸಾಕಾ, 10 ಪಟ್ಟಿಗೇ ಹೋಗ್ಲಾ?

ಹತ್ತುಪಟ್ಟು: ನಾನು 10 ಪಟ್ಟೇ ಮಾಡಿದ್ದು, ಐದು ತಿಂಗಳು ತಿಂತು. ಮೊದಲ 11 ಜೆಲ್ ಗಟ್ಟಿನೇ ಆಗ್ಲಿಲ್ಲ, ಬೆಳಿಗ್ಗೆ ಬಂದು ನೋಡಿದ್ರೆ ಅಂಚೆಲ್ಲ ಲೋಳೆ ಲೋಳೆ, ಆಕ್ಸಿಜನ್ ಒಂಚೂರು ಉಳಿದಿದ್ರೂ ಜೆಲ್ ಆಗೋ ಪಾಲಿಮರ್ ಗಟ್ಟಿ ಹಿಡಿಯಲ್ಲ. ಜೆಲ್ ದ್ರಾವಣನ ಐಸ್ ಮೇಲಿಟ್ಟು ಅದರೊಳಗೆ 40 ನಿಮಿಷ ನೈಟ್ರೋಜನ್ ಬಿಟ್ಟು, ಡಬ್ಬಿಗೂ ನೈಟ್ರೋಜನ್ ತುಂಬಿಸಿದ ಮೇಲೆ 12ನೇದು ನಿಂತ್ಕೊಳ್ತು, ಅದನ್ನ ಎತ್ತುವಾಗ ಸ್ಪ್ಯಾಚುಲಾ ಜಾರಿ ಎರಡು ಹೋಳು. ಉದ್ದ ಅಗಲ ಎತ್ತರ ಮೂರೂ 10 ಪಟ್ಟಾದ್ರೆ ಬಣ್ಣ 1000 ಪಟ್ಟು ತೆಳುವಾಗುತ್ತೆ, ಫಳಫಳ ಅಂತಿದ್ದ ಸ್ಯಾಂಪಲ್ ಕತ್ತಲೆ ಕತ್ತಲೆ. ಆದ್ರೂ 25 ನ್ಯಾನೋಮೀಟರ್ ಅಂತರದ ಎರಡು ಚುಕ್ಕೆನೂ ಬಿಡಿಬಿಡಿಯಾಗಿ ಕಾಣೋಷ್ಟು ರೆಸಲ್ಯೂಷನ್ ಸಿಕ್ತು, ಇದೇ ಸಾಧಾರಣ ಲೆನ್ಸಲ್ಲಿ! ಒಂದು ದಿನಾನೂ ಬೇಜಾರಾಗಿಲ್ಲ ನಂಗೆ.

ನಾಲ್ಕೇ ಸಾಕು: ಹೊಸಬರಿಗೆ 10 ಪಟ್ಟಿನ ಹುಚ್ಚು ಹಿಡಿಸ್ಬೇಡಿ. 2015ರಲ್ಲಿ ಅಮೆರಿಕದ ಎಂಐಟಿಯ ಬಾಯ್ಡನ್ ಲ್ಯಾಬಿನೋರು ಮೊದಲು ತೋರಿಸಿದ್ದೇ ನಾಲ್ಕೂವರೆ ಪಟ್ಟು, 70 ನ್ಯಾನೋಮೀಟರ್. ನನ್ನದು ಕೇಳಿ, ಜೆಲ್ ಮಾಡೋ ಸೋಡಿಯಂ ಅಕ್ರಿಲೇಟ್ ಮೂರು ಬಾಟ್ಲಿ ದಂಡ ಆಯ್ತು, ಕರಗಿಸಿದ್ರೆ ಹಳದಿ, ಅದ್ರಲ್ಲಿ ಮಾಡಿದ ಜೆಲ್ ಹಿಗ್ಗೋ ಬದ್ಲು ಸೀಳ್ತು. ಆಮೇಲೆ ಪ್ರೋಟೀನಿಗೆ ಅಂಟ್ಕೊಂಡು ಬಣ್ಣ ಹೊರೋ ಆಂಟಿಬಾಡಿ ಆರು ಟ್ಯೂಬ್, ಅದಕ್ಕೆ ಅಲೆಕ್ಸಾ 647 ಅನ್ನೋ ಬಣ್ಣ ಹಾಕಿದ್ದೆ, ಜೆಲ್ ಗಟ್ಟಿ ಮಾಡೋ ಪರ್‌ಸಲ್ಫೇಟ್ ಆ ಬಣ್ಣನೇ ಸಾಯಿಸುತ್ತೆ ಅಂತ ಯಾರೂ ಹೇಳ್ಲಿಲ್ಲ ನಂಗೆ. ಅಟ್ಟೋ 647ಎನ್ ಅನ್ನೋ ಬಣ್ಣಕ್ಕೆ ಬದಲಾಯಿಸಿದ ದಿನ, ಒಂದೇ ಮಸುಕು ಚುಕ್ಕೆ ಆಗಿದ್ದ ಬಸ್ಸೂನ್, ಹೋಮರ್ ಎದುರುಬದುರು ಕೂತ ಎರಡು ಗೆರೆಯಾಗಿ ಬಿಡಿಸ್ಕೊಂಡ್ವು. ಅವೆರಡರ ಮಧ್ಯೆ ಇರೋದೇ 150 ನ್ಯಾನೋಮೀಟರ್ ಆಸುಪಾಸು, ಅದಕ್ಕೆ 10 ಪಟ್ಟು ಯಾಕ್ರೀ?

ಹತ್ತುಪಟ್ಟು: ಹುಚ್ಚು ಅಂತ ಯಾರಿಗಂದ್ರಿ? ಸಿನಾಪ್ಸಿನ ವೆಸಿಕಲ್ ಅನ್ನೋ ಪುಟ್ಟ ಚೀಲ 40 ನ್ಯಾನೋಮೀಟರ್, ನಿಮ್ಮ 70ರಲ್ಲಿ ಒಂದನ್ನ ಬಿಡಿಯಾಗಿ ತೋರಿಸಿ, ಒಪ್ಕೋತೀನಿ.

ನೀರಿನ ಲೆನ್ಸ್: ಇಬ್ರೂ ಆಂಟಿಬಾಡಿ ಗಾತ್ರನೇ ಮರೆತಿದೀರಿ, ಪ್ರೋಟೀನಿಗೆ ಅಂಟೋ ಪ್ರೈಮರಿ, ಅದರ ಮೇಲೆ ಅಂಟೋ ಸೆಕೆಂಡರಿ ಸೇರಿದ್ರೆ ಬಣ್ಣ ಪ್ರೋಟೀನಿಂದ ಸುಮಾರು 20 ನ್ಯಾನೋಮೀಟರ್ ದೂರ ಕೂರುತ್ತೆ. ಹಿಗ್ಗಿಸೋಕೆ ಮುಂಚೆ ಪ್ರೋಟೀನ್ ಕತ್ತರಿಸೋ ಪ್ರೋಟೀನೇಸ್ ನಾನು ಬಿಟ್ಟೇಬಿಟ್ಟೆ, ಡಿಟರ್ಜೆಂಟಲ್ಲಿ ಬಿಸಿ ಮಾಡಿ ಸಡಿಲಿಸಿ, ಹಿಗ್ಗಿದ ಮೇಲೆ ಆಂಟಿಬಾಡಿ ಹಾಕ್ತೀನಿ. 2024ರಲ್ಲಿ ಜರ್ಮನಿಯ ಗೋಟಿಂಗೆನ್‌ನೋರು 10 ಪಟ್ಟು ಹಿಗ್ಗಿಸಿ, ಬಣ್ಣ ಮಿಣುಕೋದನ್ನ ವಿಡಿಯೋ ತೆಗೆದು, ಅದನ್ನ ಕಂಪ್ಯೂಟರಲ್ಲಿ ಲೆಕ್ಕ ಹಾಕಿ ಒಂದೊಂದು ಪ್ರೋಟೀನಿನ ಆಕಾರನೇ ತೋರಿಸಿದ್ರು. ಆದ್ರೆ ಜೆಲ್ ಅಲುಗಾಡಿದ್ರೆ ಮುಗೀತು, ನನ್ನ ಎರಡು ವಾರದ ವಿಡಿಯೋ ಹಂಗೇ ಹೋಯ್ತು. ಜೆಲ್ ಅಂಟ್ಕೊಳ್ಳೋ ಹಾಗೆ ಗಾಜಿಗೆ ಪಾಲಿಲೈಸಿನ್ ಬಳೀರಿ.

ನಾಲ್ಕೇ ಸಾಕು: ಬಳಿದ್ರೆ ಅಂಟ್ಕೊಂಡು ವಾಪಸ್ ಬರಲ್ಲ, ಎಳೆದ್ರೆ ಹರಿಯುತ್ತೆ, ಎರಡು ಒಳ್ಳೆ ಜೆಲ್ ಕಳ್ಕೊಂಡಿದೀನಿ. ಅಲುಗದ ಹಾಗೆ ಸುತ್ತ ಅಗರೋಸ್ ಅನ್ನೋ ಬೇರೆ ಜೆಲ್ ಕರಗಿಸಿ ಸುರೀರಿ.

ನೀರಿನ ಲೆನ್ಸ್: ಅಗರೋಸ್ ಬಫರಲ್ಲಿ, ಅಂದ್ರೆ ಉಪ್ಪಿನ ದ್ರಾವಣದಲ್ಲಿ ಕರಗಿಸಿದ್ರೆ ಉಪ್ಪಿಗೆ ಜೆಲ್ ಕುಗ್ಗುತ್ತೆ. ಎಷ್ಟು ಪಟ್ಟು ಅಂತ ಅಳೆದು ನೋಡಿದೀರಾ, ಸುಮ್ನೆ ಹೇಳ್ತಿದೀರಾ?

ನಾಲ್ಕೇ ಸಾಕು: ಶುದ್ಧ ನೀರಲ್ಲೇ ಕರಗಿಸೋದು, ಅಷ್ಟೂ ಗೊತ್ತಿಲ್ದೆ ಮೂರು ವರ್ಷ ಮಾಡಿದೀನಾ? ಅದೇ ನ್ಯೂಕ್ಲಿಯಸ್, ಹಿಗ್ಗೋಕೆ ಮುಂಚೆ 12 ಮೈಕ್ರಾನ್, ಅಗರೋಸ್ ಸುರಿದ ಮೇಲೆ 51.