ಅಪ್‌ಡೇಟ್: ಎಲ್‌ಪಿ ತಟ್ಟೆಗಳ ಧೂಳು ಮತ್ತು ಚಟಪಟ ಸದ್ದು

ಒಣಬಟ್ಟೆಯಿಂದ ಒರೆಸಿದಷ್ಟೂ ತಂದೆಯವರ ಎಲ್‌ಪಿ ತಟ್ಟೆಗಳಿಗೆ (ಸೂಜಿಯಿಂದ ನುಡಿಸುವ ರೆಕಾರ್ಡುಗಳಿಗೆ) ಧೂಳು ಮತ್ತಷ್ಟು ಅಂಟುತ್ತಿದೆ, ಚಟಪಟ ಸದ್ದು ನಿಲ್ಲುತ್ತಿಲ್ಲ ಎಂದು ಬೇಸಿಗೆಯ ಆರಂಭದಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ತಪ್ಪು ಒಣಬಟ್ಟೆಯಲ್ಲಿಯೇ ಇತ್ತು. ಈ ತಟ್ಟೆಗಳನ್ನು ಮಾಡಿರುವ ವಿನೈಲ್ ಪ್ಲಾಸ್ಟಿಕ್ ವಿದ್ಯುತ್ತನ್ನು ಹರಿಯಗೊಡದ ವಸ್ತುವಾದ್ದರಿಂದ, ಉಜ್ಜಿದಾಗ ಹುಟ್ಟಿದ ವಿದ್ಯುದಾವೇಶ ಅದರ ಮೇಲೆಯೇ ಉಳಿದು ಗಾಳಿಯಲ್ಲಿನ ಧೂಳನ್ನು ಸೆಳೆಯುತ್ತದೆ. ಒಣಹವೆಯಲ್ಲಂತೂ ಇದು ಇನ್ನೂ ಹೆಚ್ಚು.

ಈಗ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಒಂದೆರಡು ಹನಿ ಮಾತ್ರ ಬೆರೆಸಿ, ನಡುವಿನ ಲೇಬಲ್ ನೆನೆಯದಂತೆ ನೋಡಿಕೊಂಡು, ಮೃದುವಾದ ಬ್ರಷ್ಷನ್ನು ಸೂಜಿ ಓಡುವ ಗೀರುಗಳ ಗುಂಟ ಆಡಿಸಿ, ಅನಂತರ ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೊಮ್ಮೆ ತೊಳೆದು, ನೆಟ್ಟಗೆ ನಿಲ್ಲಿಸಿ ಒಣಗಿಸುತ್ತಿದ್ದೇನೆ. ಮೊದಲ ತಟ್ಟೆಗೆ ಈ ಎರಡನೆಯ ತೊಳೆತವನ್ನು ಬಿಟ್ಟುಬಿಟ್ಟಿದ್ದೆ. ಒಂದು ಬದಿ ಮುಗಿಯುವಷ್ಟರಲ್ಲಿ ಸೂಜಿಯ ತುದಿಗೆ ಬೂದುಬಣ್ಣದ ಅಂಟು ಕೊಳೆ ಮೆತ್ತಿಕೊಂಡಿತ್ತು.

ಕಾಗದದ ಒಳಲಕೋಟೆಗಳನ್ನು ಬದಲಿಸಿದ್ದೇ ದೊಡ್ಡ ಗೆಲುವು ಎಂದು ನನಗನಿಸುತ್ತದೆ. ಮೊದಲು ತಟ್ಟೆಯನ್ನು ಹೊರಗೆಳೆದರೆ ಮುಂಗೈಯ ರೋಮ ನಿಮಿರುತ್ತಿತ್ತು. ಆ್ಯಂಟಿಸ್ಟ್ಯಾಟಿಕ್ (ವಿದ್ಯುದಾವೇಶ ಕೂಡಿಕೊಳ್ಳದಂತೆ ತಡೆಯುವ) ಪಾಲಿಥೀನ್ ಲಕೋಟೆಗಳು ಬಂದ ಮೇಲೆ ಅದು ನಿಂತಿದೆ. ನುಡಿಸುವ ಮುನ್ನ ಕಾರ್ಬನ್ ಫೈಬರ್ ಬ್ರಷ್ಷನ್ನು ಹಗುರವಾಗಿ ತಾಗಿಸಿದರೆ ಸಾಕಾಗುತ್ತದೆ. ಸಂಗ್ರಹದಲ್ಲಿರುವ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಗಳು ಅರಗಿನವು, ತೊಳೆಯಲು ಆಲ್ಕೋಹಾಲ್ ಬಳಸಿದರೆ ಅದು ಅವನ್ನು ಕರಗಿಸುತ್ತದೆ ಎಂದು ಸಕಾಲದಲ್ಲಿ ಎಚ್ಚರಿಸಿದವರಿಗೆ ನಾನು ವಿಶೇಷವಾಗಿ ಋಣಿ.