ಜಿಪ್ಸಿಯ ಸ್ಟೆಪ್ನಿ ತೋಳು ಜೋತು ಬೀಳುತ್ತಿದೆ, ಲಟಲಟ ಸದ್ದು ಬೇರೆ

ಮೂಡಿಗೆರೆ ಜಿಪ್ಸಿ:
ನಮಸ್ಕಾರ. ನನ್ನದು ಹಳೇ ಮಾರುತಿ ಜಿಪ್ಸಿ. 205/70 ಆರ್15 ಟಯರ್ ತೆಗೆದು 235/75 ಆರ್15 ಹಾಕಿಸಿದೆ. ಸ್ಟೆಪ್ನಿಯನ್ನು ರಿಮ್ ಸಮೇತ ತೂಗಿದರೆ 27 ಕೆಜಿ. ಅಷ್ಟು ಭಾರ ಹಿಂಬಾಗಿಲಿಗೆ ಹೇರಲು ಮನಸ್ಸಾಗಲಿಲ್ಲ. ರೆಡಿಮೇಡ್ ಕ್ಯಾರಿಯರ್ ರೇಟು ಕೇಳಿ ಸುಮ್ನಾದೆ. ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಬಂಪರ್‌ಗೆ ಗೇಟಿನ ಹಾಗೆ ತೆರೆಯುವ ತೋಳು ಮಾಡಿಸಿದೆ. 3,800 ರೂಪಾಯಿ ಆಯ್ತು.

ತಿರುಗುವ ಕಡೆ 20 ಎಂಎಂ ಬೋಲ್ಟು, ಅದರ ಸುತ್ತ ತಿರುಗುವ ಬುಷ್ ಅಂದರೆ 5 ಸೆಂ.ಮೀ. ಎತ್ತರದ ಪೈಪಿನ ತುಂಡು. ಆ ಕಡೆ ತುದಿಗೆ ಗೇಟಿನ ಚಿಲಕ. ಒಂದು ವಾರ ಚೆನ್ನಾಗಿತ್ತು. ಚಾರ್ಮಾಡಿ ಇಳಿದು ಬಂದ ಮೇಲೆ ಲಟಲಟ ಶುರು. ಈಗ ಚಿಲಕ ತೆಗೆದರೆ ತೋಳು ಒಂದು ಬೆರಳಷ್ಟು ಕೆಳಗೆ ಬೀಳುತ್ತದೆ, ಮುಚ್ಚಲು ಮೊಣಕಾಲು ಕೊಟ್ಟು ಎತ್ತಬೇಕು. ವಾಷರ್ ತುಂಬಿದೆ, ಗ್ರೀಸ್ ಹಚ್ಚಿದೆ. ಎರಡು ದಿನ ಅಷ್ಟೇ.

ಗುಜರಿ ಗುರು:
ಬೋಲ್ಟಿನಿಂದ ಟಯರ್ ನಡುವಿಗೆ ಎಷ್ಟು ದೂರ?

ಮೂಡಿಗೆರೆ ಜಿಪ್ಸಿ:
60 ಸೆಂ.ಮೀ.

ಗುಜರಿ ಗುರು:
ಹಾಗಾದರೆ ರೋಗ ಬುಷ್‌ನಲ್ಲೇ ಇದೆ. 27ನ್ನು 60ರಿಂದ ಗುಣಿಸಿ, ಬುಷ್ ಎತ್ತರ 5ರಿಂದ ಭಾಗಿಸಿ. 324 ಕೆಜಿ! ಗಾಡಿ ನಿಂತಿದ್ದಾಗಲೇ ಬುಷ್‌ನ ಮೇಲಂಚು, ಕೆಳಂಚಿಗೆ ಅಷ್ಟು ಒತ್ತಡ. ಗುಂಡಿಗೆ ಬಿದ್ದಾಗ ಕೇಳಲೇಬೇಡಿ. ಬೋಲ್ಟ್ ಬಿಚ್ಚಿ ನೋಡಿ, ಬುಷ್ ಬಾಯಿ ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ವಾಷರ್ ಹಾಕಿದರೆ ಅದು ಸರಿಹೋಗಲ್ಲ.

ಕಡಿಮೆ ಖರ್ಚಿನ ದಾರಿ, ಬುಷ್ ಎತ್ತರ 15 ಸೆಂ.ಮೀ. ಮಾಡಿಸಿ. ಒತ್ತಡ 108ಕ್ಕೆ ಇಳಿಯುತ್ತದೆ. ಲೇತ್‌ನಲ್ಲಿ ಗನ್‌ಮೆಟಲ್ (ತಾಮ್ರ-ತವರದ ಮಿಶ್ರಲೋಹ) ಬುಷ್ ಕೂರಿಸಿ, ಗ್ರೀಸ್ ತುಂಬಲು ನಿಪ್ಪಲ್ ಇಡಿಸಿ. ಬುಷ್ ಬದಲು, ಗುಜರಿಯಲ್ಲಿ ಟೇಪರ್ ರೋಲರ್ ಬೇರಿಂಗ್ ಇರುವ ಕಾರಿನ ಹಬ್ (ಚಕ್ರ ಕೂರುವ ನಡುಭಾಗ), ಸ್ಟಬ್ ಆಕ್ಸಲ್ (ಅದು ತಿರುಗುವ ಗಿಡ್ಡ ಅಚ್ಚು) ಸಮೇತ ಸಿಕ್ಕರೆ ಇನ್ನೂ ಒಳ್ಳೆಯದು. ಕಾರಿನ ಭಾರ ಹೊತ್ತಿದ್ದಕ್ಕೆ ಸ್ಟೆಪ್ನಿ ಯಾವ ಲೆಕ್ಕ? ಆಟ (ಸಡಿಲ) ಬಂದರೆ ನಟ್ಟು ಬಿಗಿ ಮಾಡಿದರಾಯ್ತು.

ಆದರೆ ಸದ್ದಿಗೆ ಅರ್ಧ ಕಾರಣ ಚಿಲಕ. ಗೇಟಿನ ಚಿಲಕ ಸಡಿಲವಾಗಿಯೇ ಇರುತ್ತದೆ, ಅದು ಬಿಗಿಯಾಗಿ ಎಳೆದು ಹಿಡಿಯಲ್ಲ. ಎಳೆದು ಕಚ್ಚುವ ಟಾಗಲ್ ಕ್ಲಾಂಪ್ ಹಾಕಿ. ಅದರ ಕೆಳಗೆ ಬಂಪರ್ ಮೇಲೆ ಇಳಿಜಾರಾದ ಒಂದು ಕಬ್ಬಿಣದ ತುಂಡು ವೆಲ್ಡ್ ಮಾಡಿಸಿ. ಮುಚ್ಚುವಾಗ ತೋಳು ಅದರ ಮೇಲೆ ಹತ್ತಿ ಕೂರಬೇಕು. ಆಗ ಗಾಡಿ ಓಡುವಾಗ ಭಾರ ಎರಡು ಕಡೆಗೂ ಹಂಚಿಹೋಗುತ್ತದೆ. ನಡುವೆ ಹಳೇ ಲಾರಿ ಟ್ಯೂಬಿನ ತುಂಡು ಇಡಿ.

ಲೇತ್ ಅಣ್ಣ:
ಜಿಪ್ಸಿಯ ಪೆಟ್ರೋಲ್ ಟ್ಯಾಂಕ್ ಹಿಂದೆಯೇ ಇದೆ, ಮರೀಬೇಡಿ. ಬಂಪರ್ ಬಿಚ್ಚಿಕೊಂಡು ಹೋಗಿ ವೆಲ್ಡ್ ಮಾಡಿಸಿ. ಬೇರಿಂಗ್ ಒಳಗಿಟ್ಟು ವೆಲ್ಡ್ ಮಾಡಬೇಡಿ.

ಮೂಡಿಗೆರೆ ಜಿಪ್ಸಿ:
ಮೂರು ವಾರ ಆಯ್ತು. ಹಬ್ ಸಿಕ್ಕಿತು, 700 ರೂಪಾಯಿ. ಹಳೇ ಬುಷ್ ಗುರುಗಳು ಹೇಳಿದಂತೆ ಮೊಟ್ಟೆಯೇ! ಈಗ ತೋಳು ಒಂದೇ ಬೆರಳಿಗೆ ತಿರುಗುತ್ತದೆ. ಎಸ್ಟೇಟ್ ರಸ್ತೆಯಲ್ಲೂ ಸದ್ದಿಲ್ಲ. ಒಂದೇ ತಲೆನೋವು, ದೊಡ್ಡ ಟಯರ್ ನಂಬರ್ ಪ್ಲೇಟ್ ಮುಚ್ಚುತ್ತಿದೆ.

ಗುಜರಿ ಗುರು:
ಪ್ಲೇಟು, ಅದರ ಲೈಟು ಎರಡನ್ನೂ ಕಾಣುವ ಜಾಗಕ್ಕೆ ತನ್ನಿ. ತೋಳಿಗೆ ಹಾಕುವುದಾದರೆ ವೈರನ್ನು ಹಬ್ ಪಕ್ಕದಿಂದಲೇ ತಂದು, ಅಲ್ಲಿ ಒಂದು ಸುತ್ತು ಸಡಿಲ ಬಿಡಿ. ತೋಳು ಪೂರ್ತಿ ತೆರೆದು ನೋಡಿಕೊಂಡೇ ವೈರ್ ಕತ್ತರಿಸಿ.